ಮುಗಿದ ಮೇಲೆ ಐದು ಸೆಕೆಂಡು: ಒಂದು ಆಡಿಯೋ ಪುಸ್ತಕ ಸೇವೆಯ ವಿಮರ್ಶೆ

ಎರಡು ವರ್ಷಗಳಿಂದ ಚಂದಾ ಕಟ್ಟಿ ಬಳಸುತ್ತಿರುವ ಒಂದು ಆಡಿಯೋ ಪುಸ್ತಕ ಸೇವೆಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಲಿರುವ ಗುಣದೋಷಗಳಲ್ಲಿ ಬಹುಪಾಲು, ನಡುವೆ ಬಳಸಿ ನೋಡಿ ಬಿಟ್ಟ ಇನ್ನೆರಡು ಸೇವೆಗಳಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. ಇಂಥ ಸೇವೆಗಳ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಸಂಗ್ರಹ ಎಷ್ಟು ದೊಡ್ಡದು, ಧ್ವನಿಮುದ್ರಣ ಎಷ್ಟು ಸ್ಪಷ್ಟ, ಡೌನ್‌ಲೋಡ್ ಎಷ್ಟು ಬೇಗ ಆಗುತ್ತದೆ ಎಂಬ ಲೆಕ್ಕಗಳಿರುತ್ತವೆ. ಆ ಲೆಕ್ಕಗಳಲ್ಲಿ ಈ ಸೇವೆಗೆ ಒಳ್ಳೆಯ ಅಂಕಗಳೇ ಸಲ್ಲಬೇಕು. ಅದರಲ್ಲಿ ನನ್ನ ತಕರಾರಿಲ್ಲ. ನನ್ನ ಅಳತೆಗೋಲು ಮಾತ್ರ ಬೇರೆ. ಕತೆಯೊಳಗಿನ ಒಂದು ಪಾತ್ರವನ್ನೋ ಒಂದು ಊರನ್ನೋ ಸ್ವಂತದ್ದೆಂಬಷ್ಟು ಹಚ್ಚಿಕೊಂಡುಬಿಡುವ ಸ್ವಭಾವದ ಕೇಳುಗರನ್ನು ಈ ಸೇವೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನಷ್ಟೇ ನಾನು ನೋಡಹೊರಟಿದ್ದೇನೆ. ಅಂಥವರು ಅಪರೂಪವೇನಲ್ಲ. ಒಂದು ಸಂಪುಟ ಮುಗಿದೊಡನೆ ಮುಂದಿನದಕ್ಕೆ ಕೈ ಚಾಚುವವರು ಅವರೇ, ಉದ್ದುದ್ದ ಕಾದಂಬರಿ ಮಾಲೆಗಳು ನಡೆಯುವುದೂ ಅವರಿಂದಲೇ.

ನಾನು ಕೇಳಿದ್ದು ಏಳು ಸಂಪುಟಗಳ ಒಂದು ಮಾಲೆ. ಅದರ ಹೆಸರನ್ನೂ ಹೇಳುವುದಿಲ್ಲ. ಮುಂದೆ ಅದರ ಕೊನೆಯನ್ನು ಹೇಳದೆ ವಿಧಿಯಿಲ್ಲ, ಇನ್ನೂ ಕೇಳದವರ ಸುಖ ಕೆಡಿಸಿದ ಪಾಪ ನನಗೆ ಬೇಡ. ಮಂಜು ಮುಸುಕಿದ ಒಂದು ಬಂದರು ಪಟ್ಟಣ. ಅಲ್ಲಿಯ ಬೀದಿಗಳು ವರ್ಷಕ್ಕೊಮ್ಮೆ ರಾತ್ರೋರಾತ್ರಿ ಜಾಗ ಬದಲಿಸುತ್ತವೆ. ಆದ್ದರಿಂದ ವರ್ಷವರ್ಷವೂ ಹೊಸ ನಕ್ಷೆ ಬರೆಯಬೇಕು. ಆ ಕೆಲಸವನ್ನು ಮಾಡುವವಳು ಅರವತ್ತು ದಾಟಿದ ಒಬ್ಬ ನಕ್ಷೆಗಾರ್ತಿ. ಮುಂಗೋಪಿ, ಯಾರಿಗೂ ಸಲಿಗೆ ಕೊಡದವಳು, ನಡೆಯುವಾಗ ಸದಾ ಹೆಜ್ಜೆ ಎಣಿಸುವವಳು. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿಸಿದರೆ ಬೈಯುವುದಿಲ್ಲ, ಬೀದಿಯ ಮೊದಲಿಗೆ ಹಿಂದಿರುಗಿ ಒಂದರಿಂದ ಶುರುಮಾಡುತ್ತಾಳೆ. ಬೈಗುಳಕ್ಕಿಂತ ಅದೇ ಹೆಚ್ಚು ನಾಟುತ್ತದೆ. ಮೊದಲ ಸಂಪುಟದ ಮೂರನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಅವಳು ನನಗೆ ಬೇಕಾದವಳಾಗಿದ್ದಳು. ಎರಡನೆಯ ಸಂಪುಟದ ಹೊತ್ತಿಗೆ ನಾನೂ ಮೆಟ್ಟಿಲು ಹತ್ತುವಾಗ ಎಣಿಸತೊಡಗಿದ್ದೆ. ಹತ್ತೊಂಬತ್ತು ಮೆಟ್ಟಿಲುಗಳಿವೆ. ಅಷ್ಟು ವರ್ಷ ಹತ್ತಿಳಿದರೂ ನನಗದು ಗೊತ್ತಿರಲಿಲ್ಲ.

ಆಡಿಯೋ ಪುಸ್ತಕದಲ್ಲಿ ಓದುವವರ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿರುತ್ತದೆ, ಎಂದರೆ ಗಂಟೆಗೆ ಸುಮಾರು 9,000 ಪದ. ಒಂದೂವರೆ ಲಕ್ಷ ಪದಗಳ ಕಾದಂಬರಿಯೊಂದಕ್ಕೆ ಹದಿನಾರು ಹದಿನೇಳು ಗಂಟೆ ಹಿಡಿಯುತ್ತದೆ. ಅಂಥ ಏಳು ಸಂಪುಟಗಳೆಂದರೆ 110 ಗಂಟೆಗಳನ್ನು ಮೀರುತ್ತದೆ. ಕಣ್ಣಿನಿಂದ ಓದುವವರು ಬೇಸರವಾದ ಕಡೆ ಪುಟ ಹಾರಿಸಬಹುದು, ಒಂದು ವರ್ಣನೆಯ ಮೇಲೆ ದೃಷ್ಟಿಯನ್ನು ಜಾರಿಸಿಬಿಡಬಹುದು. ಕೇಳುವವರಿಗೆ ಆ ಸೌಕರ್ಯ ಇಲ್ಲವೆಂದೇ ಹೇಳಬೇಕು. ಅವಳು ಬಂದರಿನಿಂದ ಗಡಿಯಾರದ ಗೋಪುರದವರೆಗೆ ನಡೆದರೆ ನಾವೂ ಅಷ್ಟು ಹೊತ್ತು ನಡೆಯಬೇಕು. ಸಂಬಂಧ ಎನ್ನುವುದು ಒಟ್ಟಿಗೆ ಕಳೆದ ಸಮಯದಿಂದ ಬೆಳೆಯುವುದಾದರೆ, ವರ್ಷದಲ್ಲಿ ಯಾವ ಗೆಳೆಯರ ಮಾತನ್ನು ನಾನು 110 ಗಂಟೆ ಅಡ್ಡಬಾಯಿ ಹಾಕದೆ ಕೇಳಿದ್ದೇನೆ ಎಂದು ಕೇಳಿಕೊಂಡರೆ ಉತ್ತರ ಮುಜುಗರ ತರುತ್ತದೆ.

ಇದರ ಮೇಲೆ ದನಿಯೊಂದಿದೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು ವಿದ್ವಾಂಸರು 1956ರಲ್ಲಿ, ರೇಡಿಯೋ ಮತ್ತು ಟೆಲಿವಿಷನ್‌ಗಳಲ್ಲಿ ಬರುವವರೊಂದಿಗೆ ಕೇಳುಗರೂ ನೋಡುಗರೂ ಬೆಳೆಸಿಕೊಳ್ಳುವ ಒಮ್ಮುಖದ ಆತ್ಮೀಯತೆಗೆ 'ಪ್ಯಾರಾಸೋಶಿಯಲ್' ಎಂಬ ಹೆಸರು ಕೊಟ್ಟರು. ನಾವು ಅವರನ್ನು ಬಲ್ಲೆವು, ಅವರು ನಮ್ಮನ್ನು ಅರಿಯರು, ಆದರೂ ಒಡನಾಟದ ಭಾವ ಮಾತ್ರ ಹುಸಿಯಲ್ಲ. ಬಹಳ ಮುಂದೆ ಕಟ್ಟುಕತೆಯ ಪಾತ್ರಗಳಿಗೂ ಈ ಮಾತನ್ನು ಹಿಗ್ಗಿಸಲಾಯಿತು. ಆಡಿಯೋ ಪುಸ್ತಕದಲ್ಲಿ ಈ ಎರಡೂ ಒಂದೇ ಕಡೆ ಸೇರುತ್ತವೆ: ಇಲ್ಲದ ಒಬ್ಬಳು ಪಾತ್ರ, ನಿಜವಾಗಿಯೂ ಇರುವ ಒಬ್ಬ ವಾಚಕಿ, ಕಿವಿಯಲ್ಲಿ ಇಬ್ಬರಿಗೂ ಒಂದೇ ಉಸಿರು. ನನ್ನ ಮಾಲೆಯನ್ನು ಓದಿದ ಕಲಾವಿದೆ, ನಕ್ಷೆಗಾರ್ತಿಯ ಎಣಿಕೆ ಶುರುವಾಗುವ ಮುಂಚೆ ಪ್ರತಿಸಲವೂ ಮೂಗಿನಿಂದ ಒಂದು ಸಣ್ಣ ಉಸಿರು ಒಳಗೆಳೆದುಕೊಳ್ಳುತ್ತಿದ್ದರು. ಅದು ಪುಸ್ತಕದಲ್ಲಿ ಬರೆದದ್ದಲ್ಲ, ಬರೆಯಲು ಬರುವಂಥದ್ದೂ ಅಲ್ಲ. ಆ ಉಸಿರು ಕೇಳಿದೊಡನೆ ಅವಳು ಈಗ ಹೊರಡುತ್ತಾಳೆ ಎಂದು ನನಗೆ ತಿಳಿಯುತ್ತಿತ್ತು. ಮನೆಯವರು ಎದ್ದು ಹೊರಡುವ ಮುನ್ನ ಕುರ್ಚಿ ಸರಿಸುವ ಸದ್ದು ನಮಗೆ ತಿಳಿಯುವುದಿಲ್ಲವೇ, ಹಾಗೆ.

ಈಗ ಸೇವೆಯ ವಿಷಯ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಈ ಆ್ಯಪ್‌ನ ಸ್ಲೀಪ್ ಟೈಮರ್ ನಾನು ಕಂಡವುಗಳಲ್ಲೆಲ್ಲ ಸಭ್ಯವಾದದ್ದು. ಹದಿನೈದು, ಮೂವತ್ತು, ನಲವತ್ತೈದು ನಿಮಿಷಗಳ ಜೊತೆಗೆ 'ಅಧ್ಯಾಯ ಮುಗಿದಾಗ' ಎಂಬ ಆಯ್ಕೆಯೂ ಇದೆ; ಸಮಯ ಮುಗಿಯುತ್ತಿದ್ದಂತೆ ದನಿ ಒಮ್ಮೆಲೇ ಕಡಿದುಹೋಗುವುದಿಲ್ಲ, ಕೊನೆಯ ಅರ್ಧ ನಿಮಿಷದಲ್ಲಿ ಮೆಲ್ಲಮೆಲ್ಲನೆ ತಗ್ಗುತ್ತದೆ. ಹಿಂದೆ ಬಳಸಿದ ಒಂದು ಸೇವೆಯಲ್ಲಿ ಪದದ ನಡುವೆಯೇ ದನಿ ನಿಲ್ಲುತ್ತಿತ್ತು, ನಾನು ಬೆಚ್ಚಿ ಏಳುತ್ತಿದ್ದೆ. ಮೂವತ್ತು ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿ ದೊಡ್ಡದಾಗಿದ್ದು ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಬುಕ್‌ಮಾರ್ಕ್ ಹಾಕಿದ ಜಾಗಕ್ಕೆ ಒಂದು ಸಾಲಿನ ಟಿಪ್ಪಣಿ ಬರೆದಿಡಬಹುದು. ಏಳು ಸಂಪುಟಗಳಲ್ಲಿ ನಾನು ಹಾಕಿದ ಬುಕ್‌ಮಾರ್ಕ್‌ಗಳು 212, ಅವುಗಳಲ್ಲಿ ಬಹಳಷ್ಟರ ಮುಂದೆ 'ನಕ್ಕಳು' ಎಂಬ ಒಂದೇ ಪದವಿದೆ. ಅವಳು ನಗುವುದು ಅಪರೂಪ.

ವೇಗವನ್ನು ಅರ್ಧದಿಂದ ಮೂರೂವರೆ ಪಟ್ಟಿನವರೆಗೆ ಬದಲಿಸಬಹುದು. ಈ ಸೌಲಭ್ಯದ ಬಗ್ಗೆ ಸೇವೆಗೆ ಬಹಳ ಹೆಮ್ಮೆಯಿದ್ದಂತಿದೆ. ಒಂದೂವರೆ ಪಟ್ಟಿನಲ್ಲಿ ಕೇಳಿದರೆ ತಿಂಗಳಿಗೆ ಎಷ್ಟು ಹೆಚ್ಚು ಪುಸ್ತಕ ಮುಗಿಸಬಹುದು ಎಂದು ಆಗಾಗ ನೆನಪಿಸುತ್ತದೆ. ಮಾಹಿತಿಯ ಪುಸ್ತಕಗಳಿಗೆ ಅದು ಸರಿಯಿರಬಹುದು. ಕತೆಯ ವಿಷಯದಲ್ಲಿ ನಾನು ಹೋದದ್ದು ತದ್ವಿರುದ್ಧ ದಿಕ್ಕಿಗೆ. ಏಳನೆಯ ಸಂಪುಟದಲ್ಲಿ ನಾಲ್ಕು ಗಂಟೆ ಉಳಿದಿರುವಾಗ ವೇಗವನ್ನು 0.9ಕ್ಕೆ ಇಳಿಸಿದೆ, ಲೆಕ್ಕದ ಪ್ರಕಾರ ಇಪ್ಪತ್ತೇಳು ನಿಮಿಷ ಹೆಚ್ಚುವರಿಯಾಗಿ ಸಿಗಬೇಕಿತ್ತು. ಸಿಕ್ಕಿತು ಕೂಡ, ಆದರೆ ನಕ್ಷೆಗಾರ್ತಿ ಜ್ವರ ಬಂದವಳಂತೆ ಮಾತು ಎಳೆಯತೊಡಗಿದಳು. ಒಂದು ಅಧ್ಯಾಯ ಸಹಿಸಿ, ನಾಚಿಕೊಂಡು ಮೊದಲಿನ ವೇಗಕ್ಕೆ ಮರಳಿದೆ.

ಇಲ್ಲಿಯೇ ಈ ಸೇವೆಯ ಮನೋಧರ್ಮ ಗೊತ್ತಾಗುತ್ತದೆ. ಇದು ಪುಸ್ತಕವನ್ನು ಮುಗಿಸುವವರಿಗಾಗಿ ಕಟ್ಟಿದ್ದು; ಮುಗಿಯದಿರಲಿ ಎಂದು ಬಯಸುವವರೂ ಇದ್ದಾರೆಂಬುದು ಕಟ್ಟಿದವರ ಗಣನೆಗೆ ಬಂದಿಲ್ಲ. ಪರದೆಯ ಮಧ್ಯದಲ್ಲಿ, ಮುಚ್ಚಲು ಬಾರದ ಜಾಗದಲ್ಲಿ, ಎಷ್ಟು ಗಂಟೆ ಎಷ್ಟು ನಿಮಿಷ ಉಳಿದಿದೆ ಎಂದು ದಪ್ಪ ಅಂಕಿಗಳಲ್ಲಿ ತೋರಿಸುತ್ತಾರೆ. ಅಚ್ಚಿನ ಪುಸ್ತಕದಲ್ಲಿಯೂ ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ಕಡಿಮೆಯಾಗುತ್ತ ಹೋಗುವುದು ಗೊತ್ತಾಗುತ್ತದೆ ನಿಜ, ಆದರೆ ಅದು ಬೆರಳಿಗೆ ಗೊತ್ತಾಗುವ ಸಂಗತಿ, ನಿಮಿಷದ ಲೆಕ್ಕದಲ್ಲಿ ಕೂಗಿ ಹೇಳುವುದಲ್ಲ. ಜೊತೆಗೆ ಕೊನೆಯಲ್ಲಿ ಅನುಬಂಧವೋ ಜಾಹೀರಾತಿನ ಹಾಳೆಯೋ ಇದ್ದು ಲೆಕ್ಕ ತಪ್ಪುವ ಅವಕಾಶವೂ ಇರುತ್ತದೆ. ಇಲ್ಲಿ ನಕ್ಷೆಗಾರ್ತಿಗೆ ಕೆಮ್ಮು ಶುರುವಾದಾಗ '1 ಗಂಟೆ 6 ನಿಮಿಷ ಉಳಿದಿದೆ' ಎಂದಿತ್ತು. ಕತೆ ಬಿಟ್ಟುಕೊಡದೆ ಕಾಪಾಡಿದ್ದ ಗುಟ್ಟನ್ನು ಗಡಿಯಾರ ಬಿಟ್ಟುಕೊಟ್ಟಿತು. ಆ ಅಂಕಿಯನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನ ಯಾವ ಮೂಲೆಯಲ್ಲಿಯೂ ಇಲ್ಲ. ಕೊನೆಗೆ ಫೋನನ್ನು ಬೋರಲು ಹಾಕಿ ಕೇಳಿದೆ.

ನಾಲ್ಕನೆಯ ಸಂಪುಟದ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದನ್ನು ಶುರುಮಾಡಿದ ರಾತ್ರಿ, ಮೊದಲ ವಾಕ್ಯದಲ್ಲಿಯೇ ಬೇರೆ ದನಿ. ಯಾವುದೋ ಬೇರೆ ಪುಸ್ತಕವನ್ನು ಒತ್ತಿದೆನೆಂದು ತಿಳಿದು ಹಿಂದಕ್ಕೆ ಹೋಗಿ ನೋಡಿದರೆ ಪುಸ್ತಕ ಅದೇ. ವಾಚಕಿಯ ಹೆಸರು ಮಾತ್ರ ಬದಲಾಗಿದೆ, ಅದೂ ಪ್ರಕಾಶಕರ ಹೆಸರಿನ ಕೆಳಗೆ, ಓದಲು ಕನ್ನಡಕ ಬೇಕಾಗುವಷ್ಟು ಚಿಕ್ಕ ಅಕ್ಷರಗಳಲ್ಲಿ. ಕಲಾವಿದರು ಬದಲಾಗುವುದಕ್ಕೆ ನೂರು ಕಾರಣಗಳಿರುತ್ತವೆ, ಅದು ಸೇವೆಯ ಕೈಯಲ್ಲಿರುವ ವಿಷಯವೂ ಅಲ್ಲ. ಆದರೆ ಮಾಲೆಯ ಪುಟದಲ್ಲಿ 'ಈ ಸಂಪುಟವನ್ನು ಬೇರೊಬ್ಬರು ಓದಿದ್ದಾರೆ' ಎಂಬ ಒಂದು ಸಾಲನ್ನು ಮುಂಚಿತವಾಗಿ ಹಾಕಲು ಏನು ಅಡ್ಡಿ? ಹೊಸಬರು ಎಣಿಕೆಯನ್ನು ಹರಾಜು ಕೂಗುವವರಂತೆ ಒದರಿಬಿಟ್ಟರು. ಆ ಸಣ್ಣ ಉಸಿರು ಇರಲಿಲ್ಲ. ಪರಿಚಿತರೊಬ್ಬರು ಬಾಗಿಲು ತೆರೆದು, ತಮ್ಮದಲ್ಲದ ಮುಖ ತೋರಿಸಿದರೆ ಆಗುವಂಥ ಹೆದರಿಕೆ ಅದು; ಅತಿಯಾಯಿತೆಂದು ನಗುವವರು ನಗಬಹುದು.

ನ್ಯಾಯವಾಗಿ ಹೇಳಬೇಕೆಂದರೆ ಹತ್ತನೆಯ ಗಂಟೆಯ ಸುಮಾರಿಗೆ ನನ್ನ ಮುನಿಸು ಇಳಿದಿತ್ತು. ಹೊಸ ವಾಚಕಿ ನಕ್ಷೆಗಾರ್ತಿಯನ್ನು ಕೆಡಿಸಿದರು ಎಂಬುದನ್ನು ಈಗಲೂ ಹೇಳುತ್ತೇನೆ, ಆದರೆ ಅವಳ ಕೈಕೆಳಗಿನ ಹುಡುಗನಿಗೆ, ಅದುವರೆಗೆ ಹಿಂದೆ ಹಿಂದೆ ಶಾಯಿ ಬಾಟಲಿ ಹಿಡಿದು ಓಡುವವನಷ್ಟೇ ಆಗಿದ್ದವನಿಗೆ, ಒಂದು ವ್ಯಕ್ತಿತ್ವ ಬಂದದ್ದು ಇವರ ಓದಿನಿಂದ. ಅವನು ಸುಳ್ಳು ಹೇಳುವಾಗ ದನಿಯನ್ನು ಒಂದೆಳೆಯಷ್ಟು ಏರಿಸುತ್ತಿದ್ದರು. ಐದನೆಯ ಸಂಪುಟದಲ್ಲಿ ಹಳಬರು ಮರಳಿದಾಗ ನಕ್ಷೆಗಾರ್ತಿ ಮನೆಗೆ ಬಂದಳು, ಹುಡುಗ ಕಳೆದುಹೋದ. ಎರಡು ದನಿಗಳ ನಡುವೆ ಹಂಚಿಹೋದ ಇಬ್ಬರನ್ನು ಒಟ್ಟಿಗೆ ಕೇಳುವ ಭಾಗ್ಯ ನನಗೆ ಕೊನೆಗೂ ಬರಲಿಲ್ಲ.

ಮೂರನೆಯ ಸಂಪುಟ ಒಮ್ಮೆ ಹನ್ನೊಂದು ದಿನ ನನ್ನ ಗ್ರಂಥಾಲಯದಿಂದ ಮಾಯವಾಗಿತ್ತು. ಹಕ್ಕುದಾರರೊಂದಿಗಿನ ಒಪ್ಪಂದ ನವೀಕರಣಗೊಳ್ಳುತ್ತಿದೆ ಎಂಬ ಉತ್ತರ ಬಂತು, ಆಮೇಲೆ ಪುಸ್ತಕವೂ ಬಂತು, 31 ಬುಕ್‌ಮಾರ್ಕ್‌ಗಳು ಮಾತ್ರ ಬರಲಿಲ್ಲ. ಚಂದಾ ಸೇವೆಯಲ್ಲಿ ನಾವು ಕೊಳ್ಳುವುದು ಪುಸ್ತಕವನ್ನಲ್ಲ, ಕೇಳುವ ಅನುಮತಿಯನ್ನು ಎಂಬುದು ಷರತ್ತುಗಳಲ್ಲಿ ಬರೆದೇ ಇರುತ್ತದೆ. ಹಚ್ಚಿಕೊಂಡ ಪಾತ್ರ ಬೇರೊಬ್ಬರ ಬಾಡಿಗೆ ಮನೆಯಲ್ಲಿದ್ದಾಳೆ ಎಂಬ ಅರಿವು ಅಂದಿನಿಂದ ಹೋಗಿಲ್ಲ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಐದು ಸೆಕೆಂಡುಗಳಿಗೆ ಬರುತ್ತೇನೆ.

ಏಳನೆಯ ಸಂಪುಟದ ಕೊನೆಯ ಅಧ್ಯಾಯದಲ್ಲಿ ನಕ್ಷೆಗಾರ್ತಿ ಸಾಯುತ್ತಾಳೆ. ಸಾಯುವುದು ಬೀದಿಯಲ್ಲಿ, ಎಣಿಸುತ್ತಲೇ. ಎಷ್ಟಕ್ಕೆ ನಿಂತಳೆಂಬುದನ್ನು ಲೇಖಕರು ಹೇಳುತ್ತಾರೆ. ಹುಡುಗ ಮರುದಿನ ಅದೇ ಜಾಗಕ್ಕೆ ಬಂದು ಅದರ ಮುಂದಿನ ಸಂಖ್ಯೆಯನ್ನು ಜೋರಾಗಿ ಹೇಳಿ ಹೆಜ್ಜೆಯಿಡುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ. ನಾನು ದೀಪ ಆರಿಸಿ, ಮಂಚದ ಅಂಚಿನಲ್ಲಿ ಕೂತು, ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಕೊನೆಯ ಪದ ಬಿದ್ದ ಮೇಲೆ ಒಂದಷ್ಟು ಹೊತ್ತು ಹಾಗೆಯೇ ಕೂತಿರಬೇಕೆಂದಿತ್ತು. ಐದು ಸೆಕೆಂಡು ಕಳೆದಿರಬೇಕು. ಕಹಳೆಯಂಥ ವಾದ್ಯ ಮೊಳಗಿತು, ಉತ್ಸಾಹ ಉಕ್ಕುವ ಗಂಡು ದನಿಯೊಂದು ಹಾಸ್ಯ ಪತ್ತೇದಾರಿ ಕಾದಂಬರಿಯೊಂದರ ಮಾದರಿ ಅಧ್ಯಾಯವನ್ನು ಓದತೊಡಗಿತು. ಗಾಬರಿಯಿಂದ ಫೋನು ತಿರುಗಿಸಿದರೆ ಪರದೆಯ ತುಂಬ ಬಣ್ಣಬಣ್ಣದ ಕಾಗದದ ಚೂರುಗಳು ಉದುರುತ್ತಿವೆ, ನಡುವೆ ಒಂದು ಪದಕ, ಕೆಳಗೆ 'ಅಭಿನಂದನೆಗಳು! ಇಡೀ ಮಾಲೆಯನ್ನು ಮುಗಿಸಿದ್ದೀರಿ!' ಎಂಬ ಬರಹ. ಅದರ ಕೆಳಗೆ ಐದು ನಕ್ಷತ್ರಗಳು, ಈಗಲೇ ಒತ್ತಿ ಎಂದು ಮಿಣುಕುತ್ತಿದ್ದವು.

ಅಳು ಅರ್ಧಕ್ಕೆ ನಿಂತರೆ ಗಂಟಲಲ್ಲಿ ಒಂದು ಬಗೆಯ ನೋವು ಉಳಿಯುತ್ತದೆ. ಅದು ಎರಡು ದಿನ ಇತ್ತು.

ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತನು ಸಾವಿರ ವರ್ಷಗಳ ಹಿಂದೆಯೇ ಎಣಿಸಿಟ್ಟಿದ್ದಾನೆ. ಸಹೃದಯನು ತನ್ನದೇ ಸುಖದುಃಖಗಳಲ್ಲಿ ಮುಳುಗಿರುವುದು ಅವುಗಳಲ್ಲೊಂದು. ನನ್ನಂಥವರು ಆ ದೋಷಕ್ಕೆ ಗುರಿಯಾದವರೇ ಎಂದು ಒಪ್ಪಿಕೊಳ್ಳುತ್ತೇನೆ; ಪಾತ್ರದ ಶೋಕ ಯಾರೊಬ್ಬರದ್ದೂ ಆಗಿರದೆ ಎಲ್ಲರದ್ದೂ ಆಗಬೇಕು ಎನ್ನುವ ಸಾಧಾರಣೀಕರಣದ ತತ್ತ್ವದ ಮುಂದೆ, 110 ಗಂಟೆ ಒಬ್ಬಳನ್ನೇ ಹಚ್ಚಿಕೊಂಡು 'ನನ್ನವಳು' ಎನ್ನುವವರ ದುಃಖ ಸ್ವಲ್ಪ ಕಚ್ಚಾ ಸರಕೇ ಸರಿ. ಆದರೆ ಕಚ್ಚಾ ದುಃಖ ಪಕ್ವವಾಗಲೂ ಹೊತ್ತು ಬೇಕಷ್ಟೆ. ಆ ಪಟ್ಟಿಯಲ್ಲಿ ತಾನಾಗಿಯೇ ಶುರುವಾಗುವ ಮುಂದಿನ ಪುಸ್ತಕದ ಮಾದರಿ ಇಲ್ಲ. ಎಂಟನೆಯದಾಗಿ ಸೇರಿಸಲು ಅಡ್ಡಿಯಿಲ್ಲ.

ಆಡಿಯೋ ಪುಸ್ತಕಗಳ ಹಿಂದಿನ ಕಾಲವನ್ನು ನೆನೆದರೆ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಅಂಧರಿಗಾಗಿ, ಅದರಲ್ಲೂ ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು, 1935ರಲ್ಲಿ 'ಮಾತಾಡುವ ಪುಸ್ತಕ'ಗಳನ್ನು ಹೊರತಂದರು. ಗ್ರಾಮಫೋನ್ ತಟ್ಟೆಯ ಒಂದೊಂದು ಬದಿಯಲ್ಲಿ ಸುಮಾರು 25 ನಿಮಿಷದ ಓದು ಹಿಡಿಯುತ್ತಿತ್ತು, ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆಗಳು ಬೇಕಾಗುತ್ತಿದ್ದವು. ಎಂದರೆ ಪ್ರತಿ 25 ನಿಮಿಷಕ್ಕೊಮ್ಮೆ ದನಿ ನಿಲ್ಲುತ್ತಿತ್ತು. ಕೇಳುತ್ತಿದ್ದವರು ಎದ್ದು, ತಡವಿ, ತಟ್ಟೆಯನ್ನು ಮಗುಚಿ, ಮುಳ್ಳನ್ನು ಮತ್ತೆ ಇಡಬೇಕಿತ್ತು. ಕೊನೆಯ ತಟ್ಟೆಯ ಕೊನೆಯ ಬದಿ ಮುಗಿದ ಮೇಲೆ ಮುಳ್ಳಿನ ಗರಗರ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆ ಕಾಲದ ಯಂತ್ರದ ಮಿತಿ ಅದು, ಯಾರೂ ಯೋಚಿಸಿ ಕೊಟ್ಟ ಸೌಜನ್ಯವಲ್ಲ. ಮಿತಿ ಹೋದಾಗ ಅದರೊಡನೆ ಹೋದ ಮೌನವನ್ನು ಈಗ ಯೋಚಿಸಿ ಮರಳಿ ಕೊಡಬೇಕಾಗಿದೆ.

ಗ್ರಾಹಕ ಸೇವೆಗೆ ದೂರು ಬರೆದೆ. ಬಹಳ ಸಂಯಮದಿಂದಲೇ ಬರೆದೆನೆಂದು ನೆನಪು: ಪುಸ್ತಕ ಮುಗಿದ ಮೇಲೆ ಕೇಳುಗರೇ ಒತ್ತುವವರೆಗೆ ಏನೂ ಮೊಳಗಬಾರದು, ಕತೆಯ ಸ್ವರೂಪ ತಿಳಿಯದೆ ಅಭಿನಂದನೆ ಹೇಳಬಾರದು, ಉಳಿದ ಸಮಯವನ್ನು ಮರೆಮಾಡುವ ಆಯ್ಕೆ ಬೇಕು. ಮರುದಿನ ಬಂದ ಉತ್ತರದಲ್ಲಿ, ಅನಾನುಕೂಲಕ್ಕೆ ವಿಷಾದವಿದೆ, ತಮಗೆ ಪುಸ್ತಕ ಇಷ್ಟವಾಗದಿದ್ದಲ್ಲಿ ಅದನ್ನು ಹಿಂದಿರುಗಿಸಿ ಬೇರೊಂದನ್ನು ಆರಿಸಿಕೊಳ್ಳಬಹುದು ಎಂದಿತ್ತು. ಇಷ್ಟವಾದದ್ದೇ ನನ್ನ ತೊಂದರೆ ಎಂದು ಮರುಪತ್ರ ಬರೆದೆ. ಎರಡನೆಯ ಉತ್ತರ ಬೇರೆ ಯಾರೋ ಬರೆದದ್ದಿರಬೇಕು. ಅದರಲ್ಲಿ ಸ್ವಯಂಚಾಲಿತ ಮಾದರಿಯನ್ನು ನಿಲ್ಲಿಸುವ ಬಗೆಯನ್ನು ಹಂತಹಂತವಾಗಿ ವಿವರಿಸಿದ್ದರು. ಖಾತೆ, ಅದರೊಳಗೆ 'ಶಿಫಾರಸುಗಳು', ಅದರೊಳಗೆ 'ಇನ್ನಷ್ಟು', ಅದರೊಳಗೆ ಕೊನೆಯಿಂದ ಎರಡನೆಯದು. ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಿ ಸಿಗದೆ ಹೋದದ್ದು ನನ್ನ ತಪ್ಪಲ್ಲವೆಂದು ಈಗಲೂ ನಂಬಿದ್ದೇನೆ. ಆ ಉತ್ತರದ ಕೊನೆಗೆ, ನಿಯಮದಂತೆ ಮುಗಿಸುವ ಸಾಲಿಗೆ ಮುಂಚೆ, ಆ ಮಾಲೆಯನ್ನು ತಾವೂ ಕೇಳಿದ್ದಾಗಿ ಒಂದು ವಾಕ್ಯವಿತ್ತು. ಅಷ್ಟೇ, ಹೆಚ್ಚೇನೂ ಇರಲಿಲ್ಲ. ಈ ಸೇವೆಗೆ ನಾನು ಕೊಡುವ ಅಂಕಗಳಲ್ಲಿ ಒಂದು ಪೂರ್ತಿ ಅಂಕ ಆ ಒಂದು ವಾಕ್ಯಕ್ಕೆ ಸಲ್ಲುತ್ತದೆ.

ಪಾತ್ರವೊಂದರ ಸಾವಿಗೆ ಚಂದಾದಾರರು ದೂರು ಬರೆಯುವುದು ಈ ವ್ಯವಹಾರಕ್ಕೆ ಹೊಸತೇನಲ್ಲ. 1893ರ ಡಿಸೆಂಬರಿನಲ್ಲಿ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿ ಕತೆ ಮುಗಿಸಿದಾಗ, ಅದನ್ನು ಪ್ರಕಟಿಸುತ್ತಿದ್ದ 'ಸ್ಟ್ರ್ಯಾಂಡ್' ಮಾಸಪತ್ರಿಕೆಗೆ 20,000ದಷ್ಟು ಓದುಗರು ಚಂದಾ ನಿಲ್ಲಿಸಿದರೆಂದು ಹೇಳುತ್ತಾರೆ. 1903ರಲ್ಲಿ ಹೋಮ್ಸ್ ಬದುಕಿ ಬಂದ. ಲೇಖಕನಿಗೆ ಬೇಸರವಾಗಿದ್ದ ಪಾತ್ರ ಓದುಗರಿಗೆ ಬೇಕಾಗಿತ್ತು, ಯಾರ ಮಾತು ನಡೆಯಿತೆಂಬುದು ಎಲ್ಲರಿಗೂ ಗೊತ್ತು. ನನ್ನ ನಕ್ಷೆಗಾರ್ತಿ ಬದುಕಿ ಬರಲಿ ಎಂದು ನಾನು ಕೇಳುತ್ತಿಲ್ಲ. ಅವಳು ಸರಿಯಾದ ಜಾಗದಲ್ಲಿ, ಸರಿಯಾದ ಸಂಖ್ಯೆಗೆ ಸತ್ತಳು. ಬದುಕಿಸಿದರೆ ಪುಸ್ತಕ ಕೆಡುತ್ತದೆ. ಕೇಳುತ್ತಿರುವುದು ಸ್ವಲ್ಪ ಹೊತ್ತು ಸುಮ್ಮನಿರಿ ಎಂದಷ್ಟೆ.

ಇಂಥ ಅಂಟು ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಹಿತವಚನ ಹೇಳುವವರು ಪ್ರತಿ ಕೂಟದಲ್ಲಿಯೂ ಒಬ್ಬರಿರುತ್ತಾರೆ. ಅವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ, ಆದರೂ ಎರಡು ಸಂಗತಿಗಳನ್ನು ಹೇಳಬಹುದು. 2014ರಲ್ಲಿ ಎಡಿನ್‌ಬರೋ ಪುಸ್ತಕೋತ್ಸವದ ಸಂದರ್ಭದಲ್ಲಿ 1,500ಕ್ಕೂ ಹೆಚ್ಚು ಓದುಗರನ್ನು ವಿಚಾರಿಸಿದ ಒಂದು ಸಮೀಕ್ಷೆಯಲ್ಲಿ, ಪುಸ್ತಕ ಮುಚ್ಚಿದ ಮೇಲೂ ಪಾತ್ರಗಳ ದನಿ ತಮ್ಮೊಡನೆ ಉಳಿಯುತ್ತದೆಂದು ಶೇಕಡಾ 19ರಷ್ಟು ಮಂದಿ ಹೇಳಿದರು. ಅವರು ಓದಿದವರು, ಕಿವಿಯಲ್ಲಿ ನಿಜವಾದ ದನಿಯನ್ನೇ ತುಂಬಿಕೊಂಡವರ ಪಾಡನ್ನು ಊಹಿಸಬಹುದು. ಇನ್ನೊಂದು, ಬಹಳ ಜನಪ್ರಿಯವಾಗಿದ್ದ ಟೆಲಿವಿಷನ್ ಹಾಸ್ಯ ಧಾರಾವಾಹಿಯೊಂದು 2004ರಲ್ಲಿ ಮುಗಿದಾಗ ಅದರ ನೋಡುಗರ ಬೇಗುದಿಯನ್ನು ಇಬ್ಬರು ಸಂಶೋಧಕರು ಅಳೆದು ನೋಡಿದ್ದರು. ಮೆಚ್ಚಿನ ಪಾತ್ರದೊಂದಿಗಿನ ನಂಟು ಗಾಢವಾಗಿದ್ದಷ್ಟೂ ಅಗಲಿಕೆಯ ನೋವು ಹೆಚ್ಚಿತ್ತು, ಆದರೆ ನಿಜಜೀವನದ ಆತ್ಮೀಯರ ಅಗಲಿಕೆಯಷ್ಟು ತೀವ್ರವಾಗಿರಲಿಲ್ಲ. ನನ್ನ ಅನುಭವವೂ ಅದೇ. ಎರಡನ್ನೂ ಕಂಡಿದ್ದೇನೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಗೊಂದಲಪಟ್ಟದ್ದಿಲ್ಲ. ಚಿಕ್ಕ ನೋವಿಗೂ ಅದರ ಪಾಲಿನ ಮರ್ಯಾದೆ ಇದೆ.

ಶಿಫಾರಸುಗಳ ಬಗ್ಗೆ ಎರಡೇ ಮಾತು. ಮಾಲೆ ಮುಗಿದ ಮೇಲೆ ಸೇವೆ ನನಗೆ ಸೂಚಿಸಿದ ಪುಸ್ತಕಗಳಲ್ಲಿ ಮಂಜಿತ್ತು, ಬಂದರಿತ್ತು, ಒಂದರ ಮುಖಪುಟದಲ್ಲಿ ನಕ್ಷೆಯೂ ಇತ್ತು. ಅವಳು ಎಲ್ಲಿಯೂ ಇರಲಿಲ್ಲ. ಮನೆ ಬಿಟ್ಟು ಹೋದವರನ್ನು ಹುಡುಕುವವರಿಗೆ ಅಂಥದೇ ಬಣ್ಣದ ಗೋಡೆಗಳಿರುವ ಮನೆಗಳನ್ನು ತೋರಿಸಿದಂತೆ. ಬದಲಿಗೆ, ಆ ವಾಚಕಿ ಓದಿದ ಬೇರೆ ಪುಸ್ತಕಗಳನ್ನು ಒಂದೇ ಒತ್ತಿನಲ್ಲಿ ತೋರಿಸುವ ವ್ಯವಸ್ಥೆ ಈ ಆ್ಯಪ್‌ನಲ್ಲಿ ಚೆನ್ನಾಗಿದೆ. ಆದರೆ ಆ ದಾರಿಯಲ್ಲಿ ಹೋಗುವವರು ಸ್ವಲ್ಪ ಎಚ್ಚರದಿಂದಿರಬೇಕು. ಅದೇ ದನಿ ಒಂದು ಪ್ರಣಯ ಕಾದಂಬರಿಯಲ್ಲಿ ಇಪ್ಪತ್ತರ ಹುಡುಗಿಯಾಗಿ ಕಿಲಕಿಲ ನಕ್ಕದ್ದನ್ನು ಕೇಳಿ ನಾನು ಎರಡೇ ನಿಮಿಷಕ್ಕೆ ನಿಲ್ಲಿಸಿದೆ.

ಐದಕ್ಕೆ ಮೂರು ಅಂಕ. ಧ್ವನಿಮುದ್ರಣದ ಗುಣಮಟ್ಟಕ್ಕೆ ಒಂದು, ಸ್ಲೀಪ್ ಟೈಮರ್‌ಗೆ ಒಂದು, ಇನ್ನೊಂದು ಯಾರಿಗೆಂದು ಆಗಲೇ ಹೇಳಿದ್ದೇನೆ. ಚಂದಾ ನಿಲ್ಲಿಸಿಲ್ಲ, ಸದ್ಯಕ್ಕೆ ನಿಲ್ಲಿಸುವ ಯೋಚನೆಯೂ ಇಲ್ಲ. ಅವಳು ಅಲ್ಲಿರುವವರೆಗೆ ನನಗೆ ಬೇರೆ ದಾರಿಯಿಲ್ಲವೆಂಬುದನ್ನು ಸೇವೆಯವರು ನನಗಿಂತ ಚೆನ್ನಾಗಿ ಬಲ್ಲರೆಂದು ಅನುಮಾನ. ಹೊಸದಾಗಿ ಸೇರುವವರು ಯಾವ ಪುಸ್ತಕವನ್ನಾದರೂ ಶುರುಮಾಡುವ ಮೊದಲು ನಾನು ಮೇಲೆ ಹೇಳಿದ ಜಾಗಕ್ಕೆ ಹೋಗಿ ಆ ಒಂದು ಆಯ್ಕೆಯನ್ನು ತೆಗೆದುಹಾಕಿ; ಮಾಲೆಯ ಎಲ್ಲ ಸಂಪುಟಗಳನ್ನು ಒಬ್ಬರೇ ಓದಿದ್ದಾರೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ; ಬುಕ್‌ಮಾರ್ಕ್‌ಗಳ ಟಿಪ್ಪಣಿಗಳನ್ನು ಆಗಾಗ ಬೇರೆಲ್ಲಾದರೂ ಬರೆದಿಟ್ಟುಕೊಳ್ಳಿ.

ಮೂರು ವಾರಗಳ ನಂತರ, ಎಲ್ಲವನ್ನೂ ನಿಲ್ಲಿಸಿಟ್ಟು, ಕೊನೆಯ ಅಧ್ಯಾಯವನ್ನು ಇನ್ನೊಮ್ಮೆ ಕೇಳಿದೆ. ಹುಡುಗ ಸಂಖ್ಯೆ ಹೇಳಿ ಹೆಜ್ಜೆಯಿಟ್ಟ. ಕಹಳೆ ಮೊಳಗಲಿಲ್ಲ. ಮೊದಲ ಸಲ ಆ್ಯಪ್ ನುಂಗಿಹಾಕಿದ್ದ ಧ್ವನಿಮುದ್ರಣದ ಕೊನೆಯ ಕೆಲವು ಸೆಕೆಂಡುಗಳು ಈ ಸಲ ಪೂರ್ತಿಯಾಗಿ ಕೇಳಿಬಂದವು: ಕೋಣೆಯ ಸಣ್ಣ ಗುಂಯ್‌ಗುಡುವಿಕೆ, ಹಾಳೆಯೊಂದು ಮಗುಚಿದ ಸದ್ದು, ಆಮೇಲೆ ಮೂಗಿನಿಂದ ಒಳಗೆಳೆದುಕೊಂಡ ಆ ಸಣ್ಣ ಉಸಿರು.